ಆಕ್ಸ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಓದು: ಅಕ್ಟೋಬರ್‌ಗೆ ಮೊದಲು ಏನೇನು ತಯಾರಿ ಬೇಕು?

ಹೊಂಬೆಳಕು

ಎಲ್ಲರಿಗೂ ನಮಸ್ಕಾರ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಮತ್ತು ಸಾಮಾಜಿಕ ಇತಿಹಾಸದ ಒಂದು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿದೆ. ಸದ್ಯಕ್ಕೆ ಷರತ್ತಿನ ಆಫರ್. ಕೊನೆಯ ವರ್ಷದ ಮಾರ್ಕ್ಸ್ ಕಾರ್ಡ್ ಕಳಿಸಬೇಕು, ಹಣ ಎಲ್ಲಿಂದ ಬರುತ್ತದೆ ಎಂದು ತೋರಿಸಬೇಕು. ಅಲ್ಲಿ ವಿಭಾಗದ ಜೊತೆಗೆ ಒಂದು ಕಾಲೇಜಿಗೂ ಸೇರಿಸುತ್ತಾರೆ, ಅದು ಯಾವುದೆಂದು ಇನ್ನೂ ಗೊತ್ತಾಗಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿವರೆಗೆ ಓದಿದವಳು ನಾನೊಬ್ಬಳೇ. ಖುಷಿ ಎಷ್ಟಿದೆಯೋ ಗಾಬರಿಯೂ ಅಷ್ಟೇ ಇದೆ.

ವಿಭಾಗದವರು ಓದಿನ ಪಟ್ಟಿ ಕಳಿಸಿದ್ದಾರೆ, ಹಲವಾರು ಪುಟ. ಮೊದಲ ಪುಸ್ತಕದಿಂದ ಸಾಲಾಗಿ ಓದುತ್ತಾ ಹೋಗಬೇಕೇ? ಸಂಖ್ಯಾಶಾಸ್ತ್ರ ನನಗೆ ಅಷ್ಟಕ್ಕಷ್ಟೆ, ಅದನ್ನೇ ಮೊದಲು ಹಿಡಿಯಲೇ? ಸೂಪರ್‌ವೈಸರ್‌ಗೆ ಈಗಲೇ ಪತ್ರ ಬರೆದರೆ ಅಧಿಕಪ್ರಸಂಗ ಅನ್ನಿಸುತ್ತದೆಯೇ? ಅಲ್ಲಿ ಓದಿ ಬಂದವರು ದಯವಿಟ್ಟು ಹೇಳಿ.

ಹಳೇಪುಟ

ತುಂಬಾ ಸಂತೋಷ ತಂಗಿ. ನಾನು ಅಲ್ಲಿ ಎಂಫಿಲ್ ಮುಗಿಸಿದವಳು. ಉಳಿದದ್ದೆಲ್ಲ ಆಮೇಲೆ, ಮೊದಲು ಕ್ಯಾಲೆಂಡರ್ ಅರ್ಥ ಮಾಡಿಕೊ. ನಿನ್ನ ತಯಾರಿಯೆಲ್ಲ ಅದರ ಮೇಲೆ ನಿಂತಿದೆ.

ಮೈಕೆಲ್‌ಮಸ್, ಹಿಲರಿ, ಟ್ರಿನಿಟಿ ಅಂತ ವರ್ಷಕ್ಕೆ ಮೂರು ಟರ್ಮ್. ಒಂದೊಂದೂ ಬರೀ 8 ವಾರ. ಮೊದಲ ವಾರದ ಹಿಂದಿನ ವಾರವನ್ನು ಸೊನ್ನೆ ವಾರ ಅಂತ ಕರೆಯುತ್ತಾರೆ, ಪರಿಚಯ ಕಾರ್ಯಕ್ರಮಗಳೆಲ್ಲ ಆಗಲೇ ಮುಗಿಯುತ್ತವೆ. ನಮ್ಮ ಸೆಮಿಸ್ಟರ್‌ನಲ್ಲಿ ಮೊದಲ ತಿಂಗಳು ಹೊಂದಿಕೊಳ್ಳುವುದಕ್ಕೇ ಹೋಗುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಮೊದಲ ತಿಂಗಳು ಮುಗಿಯಿತೆಂದರೆ ಟರ್ಮ್ ಅರ್ಧ ಮುಗಿಯಿತು. ಸೆಮಿನಾರು ಮೊದಲ ವಾರದಿಂದಲೇ ಇರುತ್ತದೆ, ಓದಿಕೊಂಡೇ ಹೋಗಬೇಕು. ನಡುವಿನ ರಜೆಗಳು ಉದ್ದವಾಗಿವೆ, ನಿಜ. ಆದರೆ ದೊಡ್ಡ ಪ್ರಬಂಧಗಳನ್ನು ಬರೆಯುವುದು ಆ ರಜೆಗಳಲ್ಲೇ.

ಅದಕ್ಕೇ ಪಟ್ಟಿಯನ್ನು ಸಾಲಾಗಿ ಓದಬೇಡ. ಆ ಪಟ್ಟಿ ಯಾರೂ ಪೂರ್ತಿ ಓದಲಿ ಅಂತ ಮಾಡಿದ್ದಲ್ಲ. ನಿನ್ನ ವಿಷಯದಲ್ಲಿ ನಡೆದಿರುವ ಒಂದು ವಾದವನ್ನು ಆರಿಸಿಕೊ, ಎರಡೂ ಕಡೆಯವರನ್ನು ಓದು. ಒಂದು ಉದಾಹರಣೆ ಕೊಡುತ್ತೇನೆ, ನಮ್ಮ ನೆಲಕ್ಕೂ ಹತ್ತಿರದ್ದು. ಹದಿನೆಂಟನೆಯ ಶತಮಾನದಲ್ಲಿ ದಕ್ಷಿಣ ಭಾರತದ ನೇಕಾರರ ಗಳಿಕೆಯನ್ನು ಧಾನ್ಯದ ಲೆಕ್ಕದಲ್ಲಿ, ಅಂದರೆ ಅದರಿಂದ ಎಷ್ಟು ಧಾನ್ಯ ಕೊಳ್ಳಬಹುದಿತ್ತು ಎಂದು ನೋಡಿದರೆ ಬ್ರಿಟನ್ನಿನ ಕೆಲಸಗಾರರಿಗೆ ಸರಿಸಮ ಇತ್ತು ಎಂದು ಪ್ರಸನ್ನನ್ ಪಾರ್ಥಸಾರಥಿ 1998ರಲ್ಲಿ ವಾದಿಸಿದರು. 2006ರಲ್ಲಿ ಸ್ಟೀಫನ್ ಬ್ರಾಡ್‌ಬೆರಿ ಮತ್ತು ಬಿಷ್ಣುಪ್ರಿಯಾ ಗುಪ್ತಾ ಅದನ್ನು ಒಪ್ಪದೆ, ಭಾರತದ ಮುಂದುವರಿದ ಪ್ರದೇಶಗಳ ಕೂಲಿಯೂ ಯುರೋಪಿನ ಅಂಚಿನ ದೇಶಗಳ ಮಟ್ಟದಲ್ಲಿತ್ತು, ಇಂಗ್ಲೆಂಡಿನ ಮಟ್ಟದಲ್ಲಿರಲಿಲ್ಲ ಎಂದರು. ಎರಡೂ ಲೇಖನ ಓದಿ ಒಂದೇ ಪುಟದಲ್ಲಿ ಬರೆ. ಇವರ ಬಳಿ ಇದ್ದ ಆಧಾರ ಏನು? ಎಷ್ಟು ಜನರ ಕೂಲಿ, ಎಲ್ಲಿಯದು, ಯಾವ ದಾಖಲೆಯಿಂದ? ಬೆಳ್ಳಿಯ ಲೆಕ್ಕದ ಕೂಲಿಯನ್ನು ಧಾನ್ಯದ ಲೆಕ್ಕಕ್ಕೆ ಪರಿವರ್ತಿಸುವಾಗ ಯಾವ ಬೆಲೆ ಹಿಡಿದರು? ಕೊನೆಗೆ, ನಿನಗೆ ಯಾರ ಮಾತು ಹೆಚ್ಚು ನಿಲ್ಲುತ್ತದೆ ಅನ್ನಿಸಿತು, ಯಾಕೆ?

ಈ ಕೊನೆಯ ಪ್ರಶ್ನೆಗೆ ಉತ್ತರ ಬರೆಯುವುದೇ ಅಲ್ಲಿನ ಓದು. ಯಾರು ಏನು ಹೇಳಿದರು ಎಂದು ಒಪ್ಪವಾಗಿ ಜೋಡಿಸಿ ಬರೆದರೆ ನಮ್ಮಲ್ಲಿ ಒಳ್ಳೆಯ ಅಂಕ ಬರುತ್ತದೆ. ಅಲ್ಲಿ ಅದರ ಪಕ್ಕದಲ್ಲಿ ‘ಹಾಗಾದರೆ ನಿಮ್ಮ ವಾದ ಏನು’ ಅಂತ ಬರೆದು ವಾಪಸು ಕೊಡುತ್ತಾರೆ. ಈ ಬೇಸಿಗೆಯಲ್ಲಿ ಹೀಗೆ ಮೂರು ನಾಲ್ಕು ವಾದಗಳನ್ನು ಹಿಡಿದು, ಒಂದೊಂದಕ್ಕೂ ಸಾವಿರ ಪದ ಬರೆದು, ಏಳುನೂರಕ್ಕೆ ಇಳಿಸಿ ನೋಡು. ಇಳಿಸುವಾಗ ನಿನಗೆ ನಿಜವಾಗಿ ಹೇಳಲು ಏನಿದೆ ಅಂತ ಗೊತ್ತಾಗುತ್ತದೆ.

ಗೋಧೂಳಿ

ಭಾಳ ಛಲೋ ಸುದ್ದಿ ತಂಗಿ. ಓದಿನ ಮಾತು ಬಲ್ಲವರು ಹೇಳ್ತಾರ, ನಾ ರೊಕ್ಕದ್ದು ಹೇಳ್ತೀನಿ. ಬ್ಯಾಂಕಿನ್ಯಾಗ ಶಿಕ್ಷಣ ಸಾಲದ ಕೆಲಸ ನೋಡ್ತೀನಿ, ಹುಡುಗರು ಎಲ್ಲಿ ಸಿಕ್ಕಿಹಾಕ್ಕೊಳ್ತಾರ ಅನ್ನೋದು ದಿನಾ ಕಣ್ಣಿಗೆ ಬೀಳ್ತದ.

ಬ್ರಿಟನ್ನಿನ ಸ್ಟೂಡೆಂಟ್ ವೀಸಾಕ್ಕ ತೋರಿಸೋ ಹಣ ಖಾತೆದಾಗ ಸತತ 28 ದಿನ ಇರಬೇಕು. ನಡುವ ಒಂದು ದಿನ ಕಡಿಮಿ ಆದ್ರೂ ಎಣಿಕೆ ಮತ್ತ ಮೊದಲಿಂದ. ಆ 28ನೇ ದಿನ ಅರ್ಜಿ ಹಾಕೋ ತಾರೀಖಿಗಿಂತ 31 ದಿನಕ್ಕಿಂತ ಹಳೇದು ಆಗಿರಬಾರದು. ಖಾತೆ ನಿಮ್ಮದು ಇರಬೇಕು, ಇಲ್ಲಾ ಅಪ್ಪ ಅವ್ವಂದು. ಅಪ್ಪನ ಖಾತೆ ಆದ್ರ ಜನ್ಮ ಪ್ರಮಾಣಪತ್ರ, ಜೊತಿಗೆ ಅವರ ಒಪ್ಪಿಗೆ ಪತ್ರ. ಕಾಕಾ, ಸೋದರಮಾವ, ಅಣ್ಣನ ಖಾತೆ ನಡಿಯಂಗಿಲ್ರಿ, ಅವರು ಎಷ್ಟೇ ಪ್ರೀತಿಲೆ ಕೊಟ್ಟಿರಲಿ. ಅವರು ಕೊಡೋದಿದ್ರ ಈಗಲೇ ನಿಮ್ಮ ಖಾತೆಗೆ ಹಾಕಿಸಿಕೊಂಡು ದಿನ ಎಣಿಸಲಿಕ್ಕೆ ಶುರು ಮಾಡ್ರಿ. ಷೇರು, ಪಿಎಫ್ ಲೆಕ್ಕಕ್ಕ ಬರಂಗಿಲ್ಲ. ಎಫ್‌ಡಿ ಆದ್ರ ಬೇಕಂದಾಗ ಮುರಿಸಲಿಕ್ಕೆ ಬರುವಂಥದ್ದು ಇರಬೇಕು.

ವಿಶ್ವವಿದ್ಯಾಲಯದವರು ಸೀಟು ಖಚಿತ ಅಂತ ತೋರಿಸೋ ಕ್ಯಾಸ್ ಅನ್ನೋ ಒಂದು ನಂಬರ್ ಕೊಡ್ತಾರ, ಅದು ಬಂದ ಮ್ಯಾಲೆ ವೀಸಾ ಅರ್ಜಿ. ಆಫರ್‌ನ ಷರತ್ತು ಪೂರಾ ಆಗೋತನಕ ಕ್ಯಾಸ್ ಬರಂಗಿಲ್ಲ. ಅದಕ್ಕ ನಿಮ್ಮ ವಿಶ್ವವಿದ್ಯಾಲಯದಾಗ ಕೊನೇ ವರ್ಷದ ಮಾರ್ಕ್ಸ್ ಕಾರ್ಡ್ ಯಾವಾಗ ಕೊಡ್ತಾರ ಅಂತ ಪರೀಕ್ಷಾ ವಿಭಾಗಕ್ಕ ಹೋಗಿ ಈಗಲೇ ಕೇಳ್ರಿ. ಎಲ್ಲಾ ತಡ ಆಗೋದು ಇಲ್ಲೇ. ಭಾರತದಾಗ ಇರೋರಿಗೆ ಕ್ಷಯರೋಗ ಪರೀಕ್ಷೆ ಕಡ್ಡಾಯ, ಅವರು ಒಪ್ಪಿದ ಕ್ಲಿನಿಕ್‌ನ್ಯಾಗೇ ಮಾಡಿಸಬೇಕು, ಪ್ರಮಾಣಪತ್ರ 6 ತಿಂಗಳು ನಡೀತದ. ವೀಸಾ ಶುಲ್ಕದ ಮ್ಯಾಲೆ ಆರೋಗ್ಯದ ಸರ್‌ಚಾರ್ಜ್ ಬ್ಯಾರೆ ಅದ, ವಿದ್ಯಾರ್ಥಿಗಳಿಗೆ ವರ್ಷಕ್ಕ 776 ಪೌಂಡ್. ಅರ್ಜಿ ಹಾಕುವಾಗಲೇ ಪೂರಾ ಅವಧಿಯದು ಒಮ್ಮೆಗೇ ಕಟ್ಟಬೇಕು. ಇದನ್ನ ಸಾಲದ ಅಂದಾಜಿನ್ಯಾಗ ಮೊದಲೇ ಸೇರಿಸಿಕೊಳ್ರಿ.

ನೀಲಾಂಜನ

ಗೋಧೂಳಿ ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ವಿಜ್ಞಾನ, ಎಂಜಿನಿಯರಿಂಗ್ ಕಡೆಯವರು ಇದನ್ನು ಓದುತ್ತಿದ್ದರೆ, ಕೆಲವು ವಿಷಯಗಳಿಗೆ ವೀಸಾ ಅರ್ಜಿಗೆ ಮೊದಲೇ ಏಟಾಸ್ ಎಂಬ ಅನುಮತಿ ಪತ್ರ ಬೇಕು. ನಿಮ್ಮ ಕೋರ್ಸಿಗೆ ಬೇಕೋ ಬೇಡವೋ ಆಫರ್ ಪತ್ರದಲ್ಲೇ ಇರುತ್ತದೆ. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು.

ನಾನು ಅಲ್ಲಿ ಡಿಫಿಲ್ (ಆಕ್ಸ್‌ಫರ್ಡಿನ ಪಿಎಚ್‌ಡಿ) ಮಾಡುತ್ತಿದ್ದೇನೆ. ನಮ್ಮದು ಟರ್ಮಿನ ಲೆಕ್ಕ ಅಲ್ಲ, ವರ್ಷವಿಡೀ ಲ್ಯಾಬು. ಆದರೆ ಬೇರೆ ಘಟ್ಟಗಳಿವೆ. ಸೇರುವಾಗ ನಮ್ಮನ್ನು ಪ್ರೊಬೇಷನರ್ ಎಂದೇ ಸೇರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ನಾಲ್ಕನೆಯ ಟರ್ಮಿನೊಳಗೆ ಬರಹ ಸಲ್ಲಿಸಿ, ಇಬ್ಬರು ಪರೀಕ್ಷಕರ ಎದುರು ಕೂತು ಟ್ರಾನ್ಸ್‌ಫರ್ ಆಫ್ ಸ್ಟೇಟಸ್ ದಾಟಿದರೆ ಮಾತ್ರ ಡಿಫಿಲ್ ವಿದ್ಯಾರ್ಥಿ. ಆಮೇಲೆ ಕನ್ಫರ್ಮೇಶನ್ ಎಂಬ ಇನ್ನೊಂದು ಪರಿಶೀಲನೆ ಇದೆ, ಕೊನೆಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಪಿಎಚ್‌ಡಿ ಮಟ್ಟಕ್ಕೆ ಹೋಗುವವರು ‘ಮೂರು ವರ್ಷ ಟೈಮಿದೆ’ ಎಂದುಕೊಳ್ಳಬೇಡಿ. ಮೊದಲ ಪ್ರಯೋಗದ ದಿನದಿಂದಲೇ ಬರೆದಿಡಿ.

ಹೊಂಬೆಳಕು ಅವರೇ, ಸಂಖ್ಯಾಶಾಸ್ತ್ರ ಖಂಡಿತ ಈಗಲೇ ಹಿಡಿಯಿರಿ. ಸೂತ್ರ ಉರು ಹೊಡೆಯುವುದು ಬೇಕಿಲ್ಲ. ಒಂದು ರಿಗ್ರೆಷನ್ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಕೋಷ್ಟಕ ಎದುರಿಗಿಟ್ಟರೆ ಯಾವ ಅಂಕಿ ಏನು ಹೇಳುತ್ತದೆ, ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಎಂದು ಹೇಳುವ ಸ್ಟ್ಯಾಂಡರ್ಡ್ ಎರರ್ ದೊಡ್ಡದಾದರೆ ಏನರ್ಥ, ಇಷ್ಟು ತಿಳಿದಿದ್ದರೆ ಮೊದಲ ವಾರದ ಓದು ಕಲ್ಲು ಅನ್ನಿಸುವುದಿಲ್ಲ. ಇದನ್ನು ಅಭ್ಯಾಸ ಮಾಡಲು ‘ಆರ್’ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಉಚಿತ. ಹಾಗೆಯೇ ಓದಿದ ಲೇಖನಗಳ ವಿವರ ಜೋಡಿಸಿಡುವ ಜೊಟೆರೊ ತಂತ್ರಾಂಶ ಹಾಕಿಕೊಳ್ಳಿ, ಓದಿದ ಪ್ರತಿ ಲೇಖನವನ್ನೂ ಅದರಲ್ಲಿ ಸೇರಿಸಿ, ಎರಡು ಸಾಲು ಟಿಪ್ಪಣಿ ಬರೆಯಿರಿ. ಅಡಿಟಿಪ್ಪಣಿ ಹುಡುಕುವುದರಲ್ಲಿ ರಾತ್ರಿ ಕಳೆಯುವ ಪಾಡು ತಪ್ಪುತ್ತದೆ.

ಹೊಂಬೆಳಕು

ಹಳೇಪುಟ ಅಕ್ಕ, ಗೋಧೂಳಿ ಸರ್, ನೀಲಾಂಜನ ಅವರೇ, ತುಂಬಾ ಥ್ಯಾಂಕ್ಸ್. ಮಾವನ ಹಣದ ವಿಷಯ ನಮಗೆ ಗೊತ್ತೇ ಇರಲಿಲ್ಲ, ನಾಳೆಯೇ ಅಪ್ಪನಿಗೆ ಹೇಳುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಹತ್ತನೆಯವರೆಗೆ ನಾನು ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ಓದುತ್ತೇನೆ, ಬರೆಯುತ್ತೇನೆ, ಐಇಎಲ್‌ಟಿಎಸ್ ಕೂಡ ಆಗಿದೆ. ಆದರೆ ಹತ್ತು ಜನರ ಮುಂದೆ ತಟ್ಟನೆ ಮಾತಾಡುವುದು ಅಂದರೆ ಬಾಯಿ ಕಟ್ಟುತ್ತದೆ. ಸೆಮಿನಾರಿನಲ್ಲಿ ಸುಮ್ಮನೆ ಕೂತರೆ ಅಂಕ ಹೋಗುತ್ತದೆಯೇ?

ಕಡಲತೀರ

ನಾನೂ ಕನ್ನಡ ಮಾಧ್ಯಮದವನೇ, ಇಂಗ್ಲೆಂಡಿನಲ್ಲೇ ಎಂಎ ಮಾಡಿದ್ದು. ಸೆಮಿನಾರಿನ ಮಾತಿಗೆ ಹೆಚ್ಚಿನ ಕೋರ್ಸುಗಳಲ್ಲಿ ನೇರ ಅಂಕ ಇಲ್ಲ, ಅಂಕವೆಲ್ಲ ಪ್ರಬಂಧ, ಪರೀಕ್ಷೆ, ಡಿಸರ್ಟೇಶನ್‌ಗೆ (ಕೋರ್ಸಿನ ಕೊನೆಯ ದೊಡ್ಡ ಸಂಶೋಧನಾ ಪ್ರಬಂಧ). ಆದರೂ ಮಾತಾಡಿ. ನಿಮ್ಮ ವಿಚಾರ ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುವುದು ಮೇಜಿನ ಆಚೆಯವರು ಪ್ರಶ್ನೆ ಕೇಳಿದಾಗ.

ನನಗೆ ಕೆಲಸಕ್ಕೆ ಬಂದ ಉಪಾಯ ಹೇಳುತ್ತೇನೆ. ಪ್ರತಿ ಸೆಮಿನಾರಿಗೂ ಎರಡು ವಾಕ್ಯ ಬರೆದುಕೊಂಡು ಹೋಗುತ್ತಿದ್ದೆ. ಒಂದು, ಓದಿದ್ದರಲ್ಲಿ ನನಗೆ ಒಪ್ಪಿಗೆಯಾಗದ ಜಾಗ, ಪುಟಸಂಖ್ಯೆ ಸಮೇತ. ಇನ್ನೊಂದು, ನಿಜವಾಗಿ ಅರ್ಥವಾಗದ ಒಂದು ಪ್ರಶ್ನೆ. ಮೊದಲ ಹದಿನೈದು ನಿಮಿಷದಲ್ಲಿ ಎರಡರಲ್ಲಿ ಒಂದನ್ನು ಹೇಳಿಬಿಡುತ್ತಿದ್ದೆ. ತಡವಾದಷ್ಟೂ ಭಯ ಬೆಳೆಯುತ್ತದೆ, ಅಷ್ಟರಲ್ಲಿ ನಮ್ಮ ಮಾತನ್ನು ಬೇರೆ ಯಾರೋ ಹೇಳಿರುತ್ತಾರೆ. ಪುಟಸಂಖ್ಯೆ ಹಿಡಿದು ಮಾತಾಡಿದರೆ ಎಲ್ಲರ ಕಣ್ಣೂ ಪುಸ್ತಕದ ಮೇಲೆ ಹೋಗುತ್ತದೆ, ಉಚ್ಚಾರಣೆಯ ಮೇಲೆ ಯಾರ ಗಮನವೂ ಇರುವುದಿಲ್ಲ.

ಈಗ ಮನೆಯಲ್ಲೇ ಅಭ್ಯಾಸ ಮಾಡಬಹುದು. ಹಳೇಪುಟ ಅವರು ಹೇಳಿದ ಒಂದು ಪುಟ ಬರೆದ ಮೇಲೆ, ಅದನ್ನು ಮುಚ್ಚಿಟ್ಟು ಮೂರು ನಿಮಿಷ ಬಾಯಿಬಿಟ್ಟು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೊದಲು ಕನ್ನಡದಲ್ಲೇ ಹೇಳಿ ನೋಡಿ. ಕನ್ನಡದಲ್ಲೂ ತಡವರಿಸಿದರೆ ಸಮಸ್ಯೆ ಇಂಗ್ಲಿಷಿನದಲ್ಲ, ವಿಚಾರ ಇನ್ನೂ ಹಣ್ಣಾಗಿಲ್ಲ ಎಂದರ್ಥ. ಮತ್ತೆ ಓದಿಗೆ ಹೋಗಿ. ಅಲ್ಲಿಗೆ ಹೋದ ಮೇಲೆ ವಿಶ್ವವಿದ್ಯಾಲಯದ ಲ್ಯಾಂಗ್ವೇಜ್ ಸೆಂಟರ್‌ನಲ್ಲಿ ಅಕಡೆಮಿಕ್ ಇಂಗ್ಲಿಷ್ ತರಗತಿಗಳಿವೆ, ಸಂಕೋಚವಿಲ್ಲದೆ ಸೇರಿಕೊಳ್ಳಿ.

ಮೇಷ್ಟ್ರು

ಮಗೂ, ಸೂಪರ್‌ವೈಸರ್‌ಗೆ ಈಗಲೇ ಬರೆಯಬಹುದೇ ಎಂಬ ನಿನ್ನ ಪ್ರಶ್ನೆ ಹಾಗೇ ಉಳಿದಿದೆ. ಹೆಸರು ತಿಳಿದ ಮೇಲೆ ಖಂಡಿತ ಬರೆಯಬಹುದು. ಚಿಕ್ಕದಾಗಿ, ಉತ್ತರ ಕೊಡಲು ಸುಲಭವಾಗುವಂತೆ.

ವಿಷಯವನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋಗು, ಆದರೆ ಬಿಗಿಮುಷ್ಟಿ ಬೇಡ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ, ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಬಳಿ ಕೊಡವರ ಕುರಿತ ದೊಡ್ಡ ಸಂಶೋಧನೆಯನ್ನೇ ಮುಗಿಸಿದ್ದರು. ಅದೇ ಸಾಮಗ್ರಿಯನ್ನು ಹೊಸ ಕಣ್ಣಿನಿಂದ, ಧರ್ಮಾಚರಣೆಗೂ ಸಮಾಜದ ರಚನೆಗೂ ಇರುವ ಸಂಬಂಧದ ಕಡೆಯಿಂದ ನೋಡು ಎಂದು ದಾರಿ ತೋರಿದವರು ಅಲ್ಲಿನ ಮಾನವಶಾಸ್ತ್ರದ ಪ್ರಾಧ್ಯಾಪಕ ರ‍್ಯಾಡ್‌ಕ್ಲಿಫ್-ಬ್ರೌನ್. ಅವರು 1946ರಲ್ಲಿ ನಿವೃತ್ತರಾದರು, ಆ ಜಾಗಕ್ಕೆ ಇವಾನ್ಸ್-ಪ್ರಿಚರ್ಡ್ ಬಂದರು. ಅಂದರೆ ಓದಿನ ನಡುವೆಯೇ ಗುರುಗಳು ಬದಲಾದರು, ಅವರ ಆಲೋಚನೆಯ ಕ್ರಮವೂ ಬೇರೆ. 1947ರಲ್ಲಿ ಶ್ರೀನಿವಾಸರಿಗೆ ಡಿಫಿಲ್ ಬಂತು. ಹಳೆಯ ಟಿಪ್ಪಣಿಗಳು ಕೈಯಲ್ಲಿದ್ದವು, ಅವನ್ನು ಬೇರೆ ರೀತಿ ಓದಲು ಮನಸ್ಸೂ ಇತ್ತು. ನಿನ್ನ ಬಳಿ ಡಿಗ್ರಿಯಲ್ಲಿ ಮಾಡಿದ ಪ್ರಾಜೆಕ್ಟಿನ ದಾಖಲೆ, ಕಾಗದ, ಫೋಟೋ ಏನಿದ್ದರೂ ಸ್ಕ್ಯಾನ್ ಮಾಡಿ ಜೊತೆಗೆ ಒಯ್ಯಿ.

ತಂಗಾಳಿ

ಎಲ್ಲರೂ ಒಳ್ಳೆಯದಕ್ಕೇ ಹೇಳುತ್ತಿದ್ದೀರಿ, ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಈ ಹುಡುಗಿ ಕೊನೆಯ ವರ್ಷದ ಪರೀಕ್ಷೆ, ಅರ್ಜಿ, ಸಾಲದ ಓಡಾಟ ಎಲ್ಲ ಮುಗಿಸಿ ದಣಿದಿರುತ್ತಾಳೆ. ಬೇಸಿಗೆ ಪೂರ್ತಿ ಓದು ಹೇರಿದರೆ ಅಕ್ಟೋಬರ್‌ಗೆ ಹೋಗುವಷ್ಟರಲ್ಲಿ ಸುಸ್ತಾಗಿರುತ್ತಾಳೆ. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಡುವ ಮುಂಚಿನ ವಾರಗಳಲ್ಲಿ ಕೂತು ಬರೆದದ್ದು ತಮ್ಮ ಮೊದಲ ನಾಟಕವನ್ನು, ಅದೂ ಇಂಗ್ಲಿಷ್ ಕವಿಯಾಗಬೇಕೆಂದುಕೊಂಡಿದ್ದವರು ಕನ್ನಡದಲ್ಲಿ. ಅಲ್ಲಿ ಹೋಗಿ ಓದಿದರು, ಆಕ್ಸ್‌ಫರ್ಡ್ ಯೂನಿಯನ್ ಎಂಬ ಚರ್ಚಾ ಸಂಘದ ಅಧ್ಯಕ್ಷರೂ ಆದರು. ಮನಸ್ಸಿಗೆ ಬೇಕಾದದ್ದನ್ನು ಮಾಡಲು, ಮನೆಯವರ ಜೊತೆ ಇರಲು ಕೂಡ ಸಮಯ ಕೊಡಿ.

ಹಳೇಪುಟ

ತಂಗಾಳಿ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಬೆಳಿಗ್ಗೆ ಎರಡು ಗಂಟೆ ಓದು ಬರಹ, ಉಳಿದ ದಿನ ಅವಳದು. ಅದಕ್ಕಿಂತ ಹೆಚ್ಚು ನಾನೂ ಕೇಳುವುದಿಲ್ಲ. ಆದರೆ ಆ ಎರಡು ಗಂಟೆಯನ್ನು ಬಿಟ್ಟುಕೊಡುವುದಿಲ್ಲ. ಮನೆಯಲ್ಲಿ ಯಾರೂ ಈ ದಾರಿ ನಡೆಯದಿದ್ದಾಗ ಮೊದಲ ಎಂಟು ವಾರದಲ್ಲಿ ಬರುವ ಯೋಚನೆ ಒಂದೇ: ‘ನನ್ನನ್ನು ತಪ್ಪಿ ಸೇರಿಸಿಕೊಂಡಿದ್ದಾರೆ.’ ಬರವಣಿಗೆ ಕೈಗೆ ಹತ್ತಿದ್ದರೆ ಆ ಯೋಚನೆಗೆ ಕಾಲು ಸಿಗುವುದಿಲ್ಲ. ಅದಕ್ಕೇ ಇಷ್ಟು ಹಟ ಮಾಡುತ್ತಿದ್ದೇನೆ.

ಹೊಂಬೆಳಕು, ಅಂಕಗಳ ವಿಷಯವನ್ನು ಈಗಲೇ ತಿಳಿದುಕೊ. ಅಲ್ಲಿ ಸ್ನಾತಕೋತ್ತರ ಕೋರ್ಸುಗಳಲ್ಲಿ ಸಾಮಾನ್ಯವಾಗಿ 50ಕ್ಕೆ ಪಾಸು, 65ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ಇಲ್ಲಿ 88 ತೆಗೆದುಕೊಳ್ಳುತ್ತಿದ್ದವರ ಮೊದಲ ಪ್ರಬಂಧಕ್ಕೆ 62 ಬರುತ್ತದೆ. ಅದು ಒಳ್ಳೆಯ ಅಂಕ. ಅಂಕದ ಕೆಳಗಿನ ಟಿಪ್ಪಣಿಯನ್ನು ಎರಡು ಸಲ ಓದು, ಊರಿಗೆ ಫೋನ್ ಮಾಡಿ ಅಳುವ ವಿಷಯ ಅಲ್ಲವೇ ಅಲ್ಲ.

ಪುಸ್ತಕ ಕೊಂಡು ಸೂಟ್‌ಕೇಸ್ ತುಂಬಬೇಡ. ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯವಾದ ಬಾಡ್ಲಿಯನ್‌ಗೆ ಮುದ್ರಕರ ಸಂಘದೊಡನೆ 1610ರಲ್ಲಿ ಆದ ಒಪ್ಪಂದದಿಂದ ಹಿಡಿದು ಇವತ್ತಿನವರೆಗೂ ಹೊಸ ಪುಸ್ತಕಗಳ ಪ್ರತಿ ಹೋಗುತ್ತಿದೆ. ಅದರ ಮುಖ್ಯ ಸಂಗ್ರಹವನ್ನು ಅಲ್ಲೇ ಕೂತು ಓದಬೇಕು. ಒಳಗೆ ಬೆಂಕಿ ತರುವುದಿಲ್ಲ, ಹೊತ್ತಿಸುವುದಿಲ್ಲ ಎಂಬ ಪ್ರತಿಜ್ಞೆ ಇಂದಿಗೂ ಇದೆ, ಓದುವಾಗ ನನಗೆ ರೋಮಾಂಚನವಾಗಿತ್ತು. ಮನೆಗೆ ಒಯ್ಯಲು ಕಾಲೇಜಿನ ಗ್ರಂಥಾಲಯ, ವಿಭಾಗದ ಗ್ರಂಥಾಲಯ ಇವೆ. ಸೋಲೋ ಎಂಬ ಕ್ಯಾಟಲಾಗ್ ಎಲ್ಲರಿಗೂ ತೆರೆದಿದೆ, ನಿನ್ನ ಪಟ್ಟಿಯ ಪುಸ್ತಕ ಎಲ್ಲಿದೆ ಎಂದು ಮನೆಯಿಂದಲೇ ಹುಡುಕಿ ನೋಡಬಹುದು.

ಹೊಂಬೆಳಕು

ಓದಿ ಸಮಾಧಾನವಾಯಿತು. ಪತ್ರ ಹೀಗೆ ಬರೆದಿದ್ದೇನೆ, ಕನ್ನಡದಲ್ಲಿ ಸಾರ ಹೇಳುತ್ತೇನೆ: ‘ನಾನು ಇಂಥವಳು. ಮೈಸೂರು ಸಂಸ್ಥಾನದ ರೇಷ್ಮೆ ಕೆಲಸಗಾರರ ಕೂಲಿಯ ಬಗ್ಗೆ ಡಿಸರ್ಟೇಶನ್ ಮಾಡುವ ಆಸೆ ಇದೆ. ತಾವು ದೊಡ್ಡ ವಿದ್ವಾಂಸರು, ತಮ್ಮ ಮಾರ್ಗದರ್ಶನ ಸಿಕ್ಕಿದ್ದು ನನ್ನ ಪುಣ್ಯ. ನಾನು ಏನು ಓದಬೇಕು, ಹೇಗೆ ತಯಾರಾಗಬೇಕು, ದಯವಿಟ್ಟು ತಿಳಿಸಿ.’

ಹಾಗೇ, ಅಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಿ ಊಟ, ಬಾಡಿಗೆ ನೋಡಿಕೊಳ್ಳಬಹುದು ಅಂತ ಕೆಲವರು ಅನ್ನುತ್ತಾರೆ, ಹೌದೇ?

ಮೇಷ್ಟ್ರು

ವಿಷಯ ಚೆನ್ನಾಗಿದೆ. ಹೊಗಳಿಕೆಯ ಸಾಲು ತೆಗೆ. ‘ಏನು ಓದಬೇಕು’ ಎಂದು ಕೇಳಿದರೆ ಅವರು ಪಟ್ಟಿಯನ್ನೇ ಮತ್ತೆ ಕಳಿಸುತ್ತಾರೆ. ನೀನು ನೋಡಿರುವ ಆಧಾರ ಹೇಳು: ಸಂಸ್ಥಾನದ ಆಡಳಿತ ವರದಿಗಳು, ಜನಗಣತಿಯ ಸಂಪುಟಗಳು, ಯಾವ ವರ್ಷದಿಂದ ಯಾವ ವರ್ಷದವರೆಗೆ. ಆಮೇಲೆ ಒಂದೇ ಪ್ರಶ್ನೆ: ‘ಈ ಆಧಾರಗಳು ಡಿಸರ್ಟೇಶನ್‌ಗೆ ಸಾಕೇ, ಅಥವಾ ಹೊರಡುವ ಮುನ್ನ ಇಲ್ಲಿನ ಪತ್ರಾಗಾರದಲ್ಲಿ ಇನ್ನೇನಾದರೂ ನೋಡಿಕೊಂಡು ಬರಲೇ?’ ಇದಕ್ಕೆ ಅವರು ಎರಡು ಸಾಲಿನಲ್ಲಿ ಉತ್ತರಿಸಬಹುದು. ಎರಡು ಮೂರು ವಾರ ಉತ್ತರ ಬರದಿದ್ದರೆ ನೊಂದುಕೊಳ್ಳಬೇಡ. ಬೇಸಿಗೆಯಲ್ಲಿ ಅವರೂ ಸಂಶೋಧನೆಗೆ ಹೋಗಿರುತ್ತಾರೆ. ಒಮ್ಮೆ ನೆನಪಿಸು.

ಪತ್ರಾಗಾರದ ಕೆಲಸವನ್ನು ಮಾತ್ರ ಅವರ ಉತ್ತರಕ್ಕೆ ಕಾಯದೆ ಶುರು ಮಾಡು. ಒಂದು ವರ್ಷದ ಕೋರ್ಸಿನ ನಡುವೆ ವಾಪಸು ಬಂದು ಕಡತ ನೋಡುವುದು ಆಗದ ಮಾತು.

ಗೋಧೂಳಿ

ಪಾರ್ಟ್‌ಟೈಮ್ ಕೆಲಸದ ಮ್ಯಾಲೆ ಲೆಕ್ಕ ಕಟ್ಟಬ್ಯಾಡ್ರಿ. ವೀಸಾದ ಪ್ರಕಾರ ಟರ್ಮಿನ್ಯಾಗ ವಾರಕ್ಕ 20 ತಾಸು ಮಿತಿ ಅದ. ನಿಮ್ಮಂಥ ಒಂದು ವರ್ಷದ ಕೋರ್ಸಿಗೆ ಡಿಸರ್ಟೇಶನ್ ಬರಿಯೋ ಬ್ಯಾಸಿಗಿನೂ ರಜೆ ಅಂತ ಲೆಕ್ಕ ಇಲ್ಲ. ಅಷ್ಟೇ ಅಲ್ಲ, ಅಲ್ಲಿ ಹೋಗಿ ದುಡೀತೀನಿ ಅನ್ನೋ ಹಣ ವೀಸಾ ಅರ್ಜಿಗೆ ಒಂದು ಪೈಸಾನೂ ಹಿಡಿಯಂಗಿಲ್ಲ. ಖರ್ಚಿನ ಅಂದಾಜನ್ನ ವಿಶ್ವವಿದ್ಯಾಲಯದವರೇ ತಿಂಗಳ ಲೆಕ್ಕದಾಗ ಪ್ರಕಟ ಮಾಡ್ತಾರ, ಅದನ್ನ ಮುದ್ರಿಸಿಕೊಂಡು ಬ್ಯಾಂಕಿಗೆ ಹೋಗ್ರಿ. ಸಾಲ ಕಡಿಮಿ ಬರೆಸಿಕೊಂಡು ಆಮೇಲೆ ಹೆಚ್ಚಿಸೋದು ಭಾಳ ತ್ರಾಸು.

ನೀಲಾಂಜನ

ಕಾಲೇಜು ಯಾವುದೆಂದು ತಿಳಿದ ದಿನವೇ ಕೋಣೆಗೆ ಅರ್ಜಿ ಹಾಕಿ. ಪಾಠ ಹೇಳುವುದು ನಿಮ್ಮ ವಿಭಾಗ. ಕಾಲೇಜು ಎಂದರೆ ಮನೆ, ಊಟ, ಗೆಳೆಯರು, ಮತ್ತು ಕಷ್ಟ ಬಂದರೆ ಮಾತಾಡಲು ಒಬ್ಬ ಕಾಲೇಜ್ ಅಡ್ವೈಸರ್. ಸೇಂಟ್ ಆಂಟನೀಸ್, ವುಲ್ಫ್‌ಸನ್, ಲಿನೇಕರ್‌ನಂಥ ಕಡೆ ಸ್ನಾತಕೋತ್ತರದವರೇ ಇರುತ್ತಾರೆ. ಬೇರೆ ಕಾಲೇಜು ಸಿಕ್ಕರೂ ಚಿಂತೆ ಬೇಡ, ಓದಿಗೆ ಅದರಿಂದ ವ್ಯತ್ಯಾಸವಾಗದು.

ಮೆಟ್ರಿಕ್ಯುಲೇಷನ್ ಎಂಬ ಸಮಾರಂಭ ಮೊದಲ ಟರ್ಮಿನ ಶುರುವಿನಲ್ಲೇ ಬರುತ್ತದೆ. ಗಾಢ ಬಣ್ಣದ ಸೂಟು, ಬಿಳಿ ಅಂಗಿ, ಕಪ್ಪು ಬೂಟು ಇಲ್ಲಿಂದಲೇ ಒಯ್ಯಿರಿ. ಗೌನು, ಟೋಪಿ ಅಲ್ಲೇ ಸಿಗುತ್ತವೆ. ಪರೀಕ್ಷೆಗೂ ಇದೇ ಉಡುಪು, ಹಾಗಾಗಿ ಹಿತವಾಗಿರುವುದನ್ನೇ ಹೊಲಿಸಿ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ, ನಮ್ಮವರು ಹಲವರಿಗೆ ಆ ತಿಂಗಳು ಮನಸ್ಸು ಕುಗ್ಗುತ್ತದೆ. ಹಗಲಿನಲ್ಲಿ ಒಂದು ಗಂಟೆ ಹೊರಗೆ ನಡೆಯುವುದನ್ನು ವೇಳಾಪಟ್ಟಿಯಲ್ಲೇ ಬರೆದಿಟ್ಟುಕೊಳ್ಳಿ. ಅಲ್ಲಿಗೆ ತಲುಪಿದ ಮೊದಲ ವಾರದಲ್ಲೇ ವೈದ್ಯರ ಬಳಿ ಹೆಸರು ನೋಂದಾಯಿಸಿ, ಕಾಯಿಲೆ ಬಂದ ಮೇಲೆ ಓಡಾಡಬೇಡಿ.

ಹೊಂಬೆಳಕು

ಪತ್ರ ತಿದ್ದಿ ಕಳಿಸಿದೆ ಸರ್. ಪತ್ರಾಗಾರಕ್ಕೆ ಸೋಮವಾರ ಹೋಗುತ್ತೇನೆ. ಅಕ್ಕ, ನೇಕಾರರ ಎರಡು ಲೇಖನಗಳಲ್ಲಿ ಮೊದಲನೆಯದು ಅರ್ಧ ಓದಿದೆ. ಅವರು ಹಿಡಿದ ಅಕ್ಕಿಯ ಬೆಲೆ ಸುಗ್ಗಿ ಕಾಲದ್ದೋ ವರ್ಷದ ಸರಾಸರಿಯೋ ಎಂಬ ಅನುಮಾನ ಬಂದಿದೆ. ಅದನ್ನೇ ಒಂದು ಪುಟದಲ್ಲಿ ಬರೆಯಲೇ?

ಹಳೇಪುಟ

ಅದನ್ನೇ ಬರೆ. ಅಡಿಟಿಪ್ಪಣಿಯಲ್ಲಿ ಬೆಲೆಯ ಮೂಲ ಕೊಟ್ಟಿರುತ್ತಾರೆ, ಮೊದಲು ಅಲ್ಲಿ ನೋಡು. ಬರೆದು ಮುಗಿಸಿ ಇಲ್ಲೇ ಹಾಕು, ನಾನೂ ಮೇಷ್ಟ್ರೂ ಓದಿ ಪ್ರಶ್ನೆ ಕೇಳುತ್ತೇವೆ.